ಜೋಳಿಗೆಗೆ ಬಿದ್ದ ಮೊಬೈಲು

ನನ್ನ ಅಂಗಿಯ ಜೇಬಿನಲ್ಲಿ ಈಗ ಇರುವುದು ಗುಂಡಿ ಒತ್ತುವ ಸಣ್ಣ ಫೋನು. ಅದರಲ್ಲಿ ಮಾತಾಡಬಹುದು, ಕರೆಂಟು ಹೋದಾಗ ಅದರ ನೆತ್ತಿಯ ಮೇಲಿನ ದೀಪ ಹಚ್ಚಬಹುದು. ಅಷ್ಟೇ. ಅಕ್ಕಿಆಲೂರಿನ ನನ್ನ ಬೀಜ-ಗೊಬ್ಬರದ ಅಂಗಡಿಗೆ ಬಂದವರೆಲ್ಲ ಮೊದಲು ನೋಡುವುದು ಇದನ್ನೇ. ಯೂರಿಯಾ ಕೇಳಲು ಬಂದವನು ಯೂರಿಯಾ ಮರೆತು, "ಯಾಕ್ರಿ ಸಾಹುಕಾರ್ರ, ದೊಡ್ಡ ಮೊಬೈಲ್ ಎಲ್ಲಿ ಹೋತ್ರಿ?" ಎನ್ನುತ್ತಾನೆ. ಇಷ್ಟಕ್ಕೂ ಅದು ಎಲ್ಲಿ ಹೋಯಿತು ಎಂಬುದನ್ನು ಅವನು ತನ್ನ ಮೊಬೈಲಿನಲ್ಲಿ ನೋಡಿಕೊಂಡೇ ಬಂದಿರುತ್ತಾನೆ. ನನ್ನ ಬಾಯಿಂದ ಇನ್ನೊಮ್ಮೆ ಕೇಳುವ ಚಪಲ ಅಷ್ಟೇ. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದಕ್ಕೇ ಒಮ್ಮೆ ಬರೆದು ಇಟ್ಟುಬಿಡುತ್ತೇನೆ. ಇನ್ನು ಮೇಲೆ ಕೇಳಿದವರ ಕೈಗೆ ಈ ಹಾಳೆಗಳನ್ನು ಕೊಟ್ಟು ನಾನು ತಕ್ಕಡಿಯ ಕಡೆ ಹೋಗುತ್ತೇನೆ.

ನಾನು ಯಾವ ಚಟವೂ ಇಲ್ಲದ ಮನುಷ್ಯ ಎಂದು ಐವತ್ತು ದಾಟುವವರೆಗೂ ನಂಬಿದ್ದೆ. ಬೀಡಿ ಇಲ್ಲ, ಗುಟ್ಕಾ ಇಲ್ಲ, ಇಸ್ಪೀಟು ಇಲ್ಲ. ಸವಣೂರಿನಿಂದ ಅಷ್ಟು ಒಳ್ಳೆಯ ವೀಳ್ಯದೆಲೆ ಬರುತ್ತದೆ, ಹಬ್ಬದ ಊಟವಾದ ಮೇಲೂ ನಾನು ಬಾಯಿಗೆ ಹಾಕಿದವನಲ್ಲ. ಈ ಹೆಮ್ಮೆಯನ್ನು ನಾನು ಆಗಾಗ ಬಾಯಿಬಿಟ್ಟು ಹೇಳುತ್ತಲೂ ಇದ್ದೆ. ಆಮೇಲೆ ಮೊಬೈಲು ಬಂತು. ಹಾನಗಲ್ಲಿಗೆ ಕಾಲೇಜಿಗೆ ಹೋಗುವ ನನ್ನ ಮಗಳು ಶಿಲ್ಪಾ ಅದನ್ನು ಕೈಗೆ ಕೊಟ್ಟು, ಗೊಬ್ಬರದ ಲೋಡು ಯಾವಾಗ ಬರುತ್ತದೆಂದು ತಿಳಿಯಲಿ ಎಂದು ವ್ಯಾಪಾರಿಗಳ ಗ್ರೂಪಿಗೆ ಸೇರಿಸಿದಳು. ಆ ಗ್ರೂಪಿನಲ್ಲಿ ಲೋಡಿನ ಸುದ್ದಿ ಬಂದದ್ದು ನಾಲ್ಕೈದು ಸಲ ಇರಬಹುದು. ಉಳಿದದ್ದೆಲ್ಲ ಗಣಪತಿಯ ಚಿತ್ರಗಳು.

ಒಂದು ಗ್ರೂಪು ಇನ್ನೊಂದನ್ನು ಕರೆದುಕೊಂಡು ಬಂತು. ಹಿರೇಬೆಂಡಿಗೇರಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಬಸಣ್ಣ ದಿನಾ ಬೆಳಗಾಗುವ ಮುಂಚೆ ಮಂಜು ಬಿದ್ದ ಗುಲಾಬಿ ಹೂವೊಂದನ್ನು ಕಳಿಸುತ್ತಾನೆ. ನಾನು ಅದಕ್ಕೆ ಕೈ ಮುಗಿಯುವ ಚಿತ್ರ ಕಳಿಸಬೇಕು. ಕಳಿಸದಿದ್ದರೆ ಎಂಟು ಗಂಟೆಗೆ ಫೋನು: "ಆರಾಮ ಅದೀಯಿಲ್ಲೋ ಅಣ್ಣಾ?" ಗುಲಾಬಿ ಹೂವಿಗೆ ಉತ್ತರ ಕೊಡದವನು ಹಾಸಿಗೆ ಹಿಡಿದಿರಬೇಕು ಎಂದು ಅವನ ಲೆಕ್ಕ. ಸವಣೂರಿನ ನನ್ನ ಅಕ್ಕನ ಗಂಡ ದಿನಕ್ಕೊಂದು ಸಕ್ಕರೆ ಕಾಯಿಲೆಯ ಔಷಧ ಕಳಿಸುತ್ತಾರೆ. ನನಗೆ ಸಕ್ಕರೆ ಕಾಯಿಲೆ ಇಲ್ಲ ಎಂದು ಎರಡು ಸಲ ತಿಳಿಸಿದೆ. "ಬರೂಕಿಂತ ಮೊದಲ ಕುಡೀಬೇಕೋ," ಎಂದು ಉತ್ತರ ಬಂತು. ಇನ್ನು ಶಿಗ್ಗಾವಿಯಲ್ಲಿ ನನ್ನ ಜೊತೆ ಹೈಸ್ಕೂಲು ಓದಿದವರ ಗ್ರೂಪು ಒಂದಿದೆ. ಹತ್ತನೆಯ ತರಗತಿಯಲ್ಲಿ ಬಾಯಿಯೇ ಬಿಡದಿದ್ದವರು ಅಲ್ಲಿ ದೇಶ ನಡೆಸುತ್ತಿದ್ದಾರೆ.

ಇವುಗಳಿಂದಾದರೂ ಎದ್ದು ಬರಬಹುದಿತ್ತು. ಆದರೆ ಆ ರೀಲ್ಸು. ಬಿತ್ತನೆ ಮುಗಿದು ಮೇಲುಗೊಬ್ಬರದ ದಿನ ಬರುವವರೆಗೆ ನನ್ನ ಅಂಗಡಿಯಲ್ಲಿ ನೊಣಗಳಿಗಷ್ಟೇ ವ್ಯವಹಾರ. ಚೀಲಕ್ಕೆ ಬೆನ್ನು ಕೊಟ್ಟು ಕೂತು ಹೆಬ್ಬೆರಳು ಆಡಿಸುತ್ತಿದ್ದರೆ ಒಬ್ಬ ಕಲ್ಲಂಗಡಿ ಕತ್ತರಿಸುತ್ತಾನೆ, ಒಬ್ಬಳು ಅತ್ತೆಯ ಹಾಗೆ ನಟಿಸುತ್ತಾಳೆ, ಒಂದು ಬೆಕ್ಕು ನೀರಿಗೆ ಬೀಳುತ್ತದೆ. ಬೆಕ್ಕು ಬಿದ್ದರೆ ನನಗೇನು? ಆದರೂ ಅದು ಎದ್ದಿತೋ ಇಲ್ಲವೋ ಎಂದು ನೋಡಲೇಬೇಕು. ಒಮ್ಮೆ ಮನೆಮಂದಿಯೆಲ್ಲ ಬಂಕಾಪುರದ ಕೋಟೆಗೆ ನವಿಲು ನೋಡಲು ಹೋಗಿದ್ದೆವು. ಮರದ ಕೆಳಗೆ ನವಿಲು ಗರಿ ಬಿಚ್ಚಿ ನಿಂತಿತ್ತಂತೆ. ಆ ಹೊತ್ತಿಗೆ ನಾನು ಯಾರೋ ಕಳಿಸಿದ್ದ ನವಿಲಿನ ವಿಡಿಯೋ ನೋಡುತ್ತಿದ್ದೆ. ತಲೆ ಎತ್ತಿದಾಗ ನಿಜವಾದ ನವಿಲು ಬೆನ್ನು ತಿರುಗಿಸಿಕೊಂಡು ಹೊರಟಿತ್ತು. "ಅಪ್ಪಾ, ನಿನ್ನ ಮೊಬೈಲಿನಾಗ ದಿನಕ್ಕ ಐದು ತಾಸು ಚಿಲ್ಲರೆ ತೋರಸಾಕತ್ತೇತಿ," ಎಂದು ಶಿಲ್ಪಾ ಅದರ ಹೊಟ್ಟೆಯೊಳಗಿನ ಗಡಿಯಾರವನ್ನು ತೋರಿಸಿದಳು. ಅದು ತಪ್ಪು ತೋರಿಸುತ್ತಿರಬೇಕು ಎಂದೆ.

ಒಂದು ಕಡೆಯಿಂದ ನೋಡಿದರೆ ಇದು ನನಗೆ ಅಪ್ಪನಿಂದ ಬಂದದ್ದು. ಅಪ್ಪನಿಗೆ ಊರ ಅಗಸಿಬಾಗಿಲ ಕಟ್ಟೆ ಇತ್ತು. ಹೊಲದಿಂದ ಬಂದವರು, ಸಂತೆಗೆ ಹೋಗುವವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಅಲ್ಲಿ ಕೂಡುತ್ತಿದ್ದರು. ಊಟದ ಹೊತ್ತಾದರೆ ಅವ್ವ ನನ್ನನ್ನು ಓಡಿಸುತ್ತಿದ್ದಳು: "ಹೋಗು, ನಿಮ್ಮಪ್ಪಗ ಹೇಳು, ಅನ್ನ ನಾಯಿಗೆ ಹಾಕಾಕತ್ತಾಳಂತ." ನಾನು ಹೋಗಿ ಅಪ್ಪನ ಮೊಣಕೈ ಹಿಡಿದು ಜಗ್ಗುತ್ತಿದ್ದೆ. ಅವನು, "ಬಂದೆ, ನೀ ನಡಿ," ಎಂದು ಕೂತೇ ಇರುತ್ತಿದ್ದ. ಹಾಗೆ ಜಗ್ಗಲು ಹೋದವನೇ ಎಷ್ಟೋ ಸಲ ಕಟ್ಟೆಯ ಅಂಚಿಗೆ ಕುಂಡಿ ಊರಿ ದೊಡ್ಡವರ ಮಾತು ಕೇಳುತ್ತ ಮೈಮರೆಯುತ್ತಿದ್ದೆ. ಆಗ ಅವ್ವ ಇಬ್ಬರನ್ನೂ ಕರೆಯಲು ತಾನೇ ಬರುತ್ತಿದ್ದಳು, ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇರುತ್ತಿತ್ತು. ಆದರೆ ಅಪ್ಪನ ಕಟ್ಟೆ ದೀಪ ಹಚ್ಚುವ ಹೊತ್ತಿಗೆ ಖಾಲಿಯಾಗುತ್ತಿತ್ತು. ಎಲ್ಲರಿಗೂ ಹಸಿವಾಗುತ್ತಿತ್ತು, ಎದ್ದು ಹೋಗುತ್ತಿದ್ದರು. ನನ್ನ ಕೈಯಲ್ಲಿದ್ದ ಈ ಕಟ್ಟೆಯ ಮೇಲೆ ಕೂತವರಿಗೆ ಹಸಿವೆಯೇ ಇಲ್ಲ.

ಇರಲಿ. ಎಮ್ಮೆಯ ವಿಷಯ ಹೇಳದೆ ಮುಂದೆ ಹೋಗಲು ಬರುವುದಿಲ್ಲ.

ನನ್ನ ಹೆಂಡತಿ ಗಿರಿಜಾ ಹಿರೇಕೆರೂರಿನ ಕಡೆಯವಳು. ಮದುವೆಯಾದ ದಿನದಿಂದಲೂ ಮಾತುಗಾತಿ. ಬದನೆಕಾಯಿಯ ದರ, ಬೆಳಗಿನ ಜಾವ ಬಿದ್ದ ಕನಸು, ಓಣಿಯಲ್ಲಿ ಯಾರ ಮನೆಯ ಸೊಸೆ ಯಾಕೆ ಮುಖ ಊದಿಸಿಕೊಂಡಿದ್ದಾಳೆ, ಎಲ್ಲ ನನಗೆ ಹೇಳಬೇಕು. ನಾನು ಮೊಬೈಲು ನೋಡುತ್ತ "ಹೂಂ" ಎನ್ನುತ್ತಿದ್ದೆ. ಅವಳ ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿ ಸರಿಯಾಗಿ ಒಂದು ಹೂಂ ಇಡುವ ವಿದ್ಯೆ ನನಗೆ ಕರಗತವಾಗಿತ್ತು. ಹೋದ ವರ್ಷ ದೀಪಾವಳಿಯ ಮುಂದೆ ಒಂದು ದಿನ ಚಹಾ ಬಾಯಿಗೆ ಹತ್ತಲಿಲ್ಲ.

"ಚಹಾ ಯಾಕ ಹಿಂಗೈತಿ?" ಎಂದೆ.

"ಪಾಕೀಟಿನ ಹಾಲ್ರಿ."

"ನಮ್ಮ ಎಮ್ಮಿ ಹಾಲು?"

"ಎಮ್ಮಿ ಬಂಕಾಪುರದಾಗ ಐತಿ. ಹೋಗಿ ನಾಕು ದಿನ ಆತು."

ನಾನು ಹಿತ್ತಲಿಗೆ ಓಡಿ ನೋಡಿದೆ. ಗೂಟ ಇತ್ತು, ಹಗ್ಗ ಇತ್ತು. ಗಿರಿಜಾ ಅಡಿಗೆಮನೆಯಿಂದಲೇ ಹೇಳಿದಳು: "ನನಗ ಸೊಂಟಾ ನೋಯ್ತೇತಿ, ಮೇವು ಹಾಕಾಕ ಆಗವಲ್ತು, ಕೊಟ್ಟುಬಿಡೂಣೇನು ಅಂತ ಮೂರು ಸಲ ಕೇಳೇನ್ರಿ. ಮೂರೂ ಸಲ ಹೂಂ ಅಂದೀರಿ. ತಗೊಳ್ಳಾಕ ಬಂದವರು ನಿಮ್ಮ ಬಾಜೂಕ ಕುಂತು ಅವಲಕ್ಕಿ ತಿಂದ್ರು. ಹೋಗಿ ಬರ್ರಿ ಅಂತ ನೀವ ಹೇಳಿದ್ರಿ." ಹೇಳಿರಬೇಕು. ಯಾರೋ ಎದ್ದು ನಿಂತದ್ದು, ಪಂಚೆಯ ಅಂಚು, ಅಷ್ಟು ನೆನಪಾಯಿತು. ನಾನು ಯಾರ ಮೇಲೆ ಸಿಟ್ಟು ಮಾಡಲಿ?

ಎಮ್ಮೆ ಹೋದದ್ದಕ್ಕಿಂತ ದೊಡ್ಡದು ಆಮೇಲೆ ಆಯಿತು. ಆವತ್ತಿನಿಂದ ಗಿರಿಜಾ ನನಗೆ ಹೇಳುವುದನ್ನೂ ಕೇಳುವುದನ್ನೂ ಬಿಟ್ಟಳು. ಜಗಳ ಇಲ್ಲ, ಮುನಿಸು ಇಲ್ಲ. ಹೊತ್ತಿಗೆ ಸರಿಯಾಗಿ ಊಟ, ಕೇಳಿದರೆ ಉತ್ತರ. ಒಂದೆರಡು ತಿಂಗಳು ಇದನ್ನು ನಾನು ಸುಖವೆಂದೇ ತಿಳಿದಿದ್ದೆ, ಎಷ್ಟು ಮೂರ್ಖ ನೋಡಿ. ಒಂದು ದಿನ ಪಕ್ಕದ ಮನೆಯ ಶಾಂತಕ್ಕ ಅಂಗಡಿಗೆ ಬಂದವಳು, "ಗಿರಿಜಕ್ಕನ ದವಡಿ ಬಾವು ಇಳೀತೇನ್ರಿ? ಎರಡು ಹಲ್ಲು ಕೀಳಸ್ಯಾಳ, ಪಾಪ," ಎಂದಳು. ನನಗೆ ಗೊತ್ತೇ ಇರಲಿಲ್ಲ. ಎರಡು ದಿನ ಎದುರಿಗೆ ಕೂತು ಊಟ ಮಾಡಿದ್ದೆ. ಬಾವು ಎಡಗಡೆಯೋ ಬಲಗಡೆಯೋ ಹೇಳಲಾರೆ. "ಇಳದೈತ್ರಿ," ಎಂದು ಸುಳ್ಳು ಹೇಳಿ ತಕ್ಕಡಿ ಒರೆಸತೊಡಗಿದೆ. ನನಗೆ ನನ್ನ ಹೆಂಡತಿಯ ಮಾತು ಮರಳಿ ಬೇಕಿತ್ತು. ಅದಕ್ಕೇ ಮೊಬೈಲು ಕಡಿಮೆ ಮಾಡಬೇಕು ಎಂದು ತೀರ್ಮಾನಿಸಿದೆ. ಉಳಿದ ಯಾವ ದೊಡ್ಡ ಕಾರಣವೂ ನನಗಿರಲಿಲ್ಲ.

ತೀರ್ಮಾನಿಸಿದ್ದು ಸುಲಭ. ಮೊದಲು ಮೊಬೈಲನ್ನು ಅಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟೆ. ಅದು ಅಲ್ಲಿಂದಲೇ ಹಾಡತೊಡಗಿತು. ಮೊಣಕೈವರೆಗೆ ಕೈ ಹಾಕಿ ಹುಡುಕಿ ತೆಗೆದರೆ ಬಸಣ್ಣ, ಗುಲಾಬಿ ಹೂ ಮುಟ್ಟಿತೋ ಇಲ್ಲವೋ ಎಂದು ಕೇಳುತ್ತಿದ್ದಾನೆ, ದನಿಯ ತುಂಬ ತೌಡು. ಆಮೇಲೆ ಶಿಲ್ಪಾ ಅದರೊಳಗೇ ಒಂದು ಕಟ್ಟು ಹಾಕಿಕೊಟ್ಟಳು: ಅರ್ಧ ತಾಸು ಆದ ಕೂಡಲೇ ನಿಮ್ಮ ಸಮಯ ಮುಗಿಯಿತು ಎಂದು ಬರುತ್ತದೆ. ಅದರ ಕೆಳಗೇ, ಇವತ್ತೊಂದು ದಿನ ಬಿಡು ಎಂಬ ಅರ್ಥದ ಗೆರೆಯೂ ಇರುತ್ತದೆ. ಮೂರನೆಯ ದಿನಕ್ಕೆ ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ಅಲ್ಲಿಗೆ ಹೋಗುವುದನ್ನು ಕಲಿಯಿತು. ಗಟ್ಟಿ ಮನಸ್ಸು ಮಾಡಿ ಶಿಗ್ಗಾವಿಯ ಸಹಪಾಠಿಗಳ ಗ್ರೂಪಿನಿಂದ ಹೊರಗೆ ಬಂದೆ. ಒಂದು ತಾಸಿನಲ್ಲಿ ಆರು ಫೋನು: ಯಾರು ಏನಂದರು, ಯಾರ ಮೇಲೆ ಸಿಟ್ಟು? ಮರುದಿನ ಇಬ್ಬರು ಮೋಟಾರ್ ಸೈಕಲ್ ಮೇಲೆ ಬಂದೇಬಿಟ್ಟರು. ನನ್ನ ಖರ್ಚಿನಲ್ಲಿ ಮಂಡಕ್ಕಿ-ಮಿರ್ಚಿ ತಿಂದು, "ಸಣ್ಣ ಮಾತಿಗೆಲ್ಲ ಹಂಗ ಮಾಡಬಾರದಲೇ," ಎಂದು ಬುದ್ಧಿ ಹೇಳಿ, ನನ್ನ ಕೈಯಿಂದಲೇ ಮೊಬೈಲು ಕಸಿದು ಮತ್ತೆ ಒಳಗೆ ಸೇರಿಸಿ ಹೋದರು. ಬೀಗರ ಜಗಳ ಬಗೆಹರಿಸಿದಷ್ಟು ಸಂತೋಷ ಅವರಿಗೆ.

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣದಲ್ಲಿ ನಮ್ಮ ಊರಿಗೆ ಪುರಾಣ ಹೇಳಲು ಒಬ್ಬ ಅಜ್ಜಾರು ಬರುತ್ತಾರೆ. ಮಠದ ಸ್ವಾಮಿಗಳಿಗೆ, ಅವರ ವಯಸ್ಸು ಮೂವತ್ತಾದರೂ, ನಾವು ಅನ್ನುವುದು ಅಜ್ಜಾರು ಎಂದೇ. ಪುರಾಣದ ನಡುವೆ ಒಂದು ದಿನ ಬೆಳಿಗ್ಗೆ ಅವರು ಕಾವಿ ಜೋಳಿಗೆ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಬರಿಗಾಲಲ್ಲಿ ತಿರುಗುತ್ತಾರೆ. ಹಿಟ್ಟು ಬೇಡುವುದಿಲ್ಲ, ಕಾಳು ಬೇಡುವುದಿಲ್ಲ. ನಿಮ್ಮ ಚಟ ಹಾಕ್ರಿ ಎನ್ನುತ್ತಾರೆ. ಜನ ಗುಟ್ಕಾ ಚೀಟಿ, ಬೀಡಿ ಕಟ್ಟು, ತಂಬಾಕಿನ ಡಬ್ಬಿ, ಇಸ್ಪೀಟಿನ ಎಲೆ ತಂದು ಜೋಳಿಗೆಗೆ ಹಾಕಿ ಕಾಲು ಮುಟ್ಟುತ್ತಾರೆ. ಕೊನೆಗೆ ಅದನ್ನೆಲ್ಲ ಮಠದ ಮುಂದೆ ಗುಂಪೆ ಹಾಕಿ ಸುಡುತ್ತಾರೆ. ಜೋಳಿಗೆಗೆ ಹಾಕಿದ್ದನ್ನು ಮತ್ತೆ ಮುಟ್ಟುವ ಧೈರ್ಯ ಸಾಮಾನ್ಯವಾಗಿ ಯಾರಿಗೂ ಆಗುವುದಿಲ್ಲ. ಪ್ರತಿ ವರ್ಷ ನಾನು ಬಾಗಿಲಲ್ಲಿ ಕೈ ಮುಗಿದು ನಿಂತು, ಕೊಡಲು ಏನೂ ಇಲ್ಲವೆಂದು ಒಳಗೊಳಗೇ ಬೀಗುತ್ತಿದ್ದೆ.

ಈ ಸಲವೂ ನಿಂತಿದ್ದೆ. ಭಜನೆಯವರು ಮುಂದೆ, ಅಜ್ಜಾರು ನಡುವೆ, ಹಿಂದೆ ಅರ್ಧ ಊರು. ಅಜ್ಜಾರು ನಮ್ಮ ಮನೆಯ ಮುಂದೆ ನಿಂತರು. "ಸಾಹುಕಾರ್ರ, ನಿಮ್ಮದೇನೈತಿ?" ಎಂದು ನಗುತ್ತ ಕೇಳಿದರು.

"ನನಗ ಯಾವ ಚಟಾನೂ ಇಲ್ರಿ ಅಜ್ಜಾರ," ಎಂದೆ. ಹಾಗೆನ್ನುವಾಗ ನನ್ನ ಬಲಗೈಯಲ್ಲಿ ಮೊಬೈಲು ಇತ್ತು. ಮೆರವಣಿಗೆಯನ್ನು ಸ್ಟೇಟಸ್ಸಿಗೆ ಹಾಕಲು ಹಿಡಿಯುತ್ತಿದ್ದೆ.

ಅಜ್ಜಾರ ಪಾದಕ್ಕೆ ನೀರು ಹಾಕಲು ತಂಬಿಗೆ ಹಿಡಿದು ನನ್ನ ಹಿಂದೆ ನಿಂತಿದ್ದ ಗಿರಿಜಾ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: "ಐತ್ರಿ ಅಜ್ಜಾರ. ಕೈಯಾಗ ಐತಿ ನೋಡ್ರಿ."

ಭಜನೆ ನಿಂತಿತು. ಊರು ನನ್ನ ಕೈ ನೋಡಿತು. ಎಷ್ಟೋ ತಿಂಗಳ ಮೇಲೆ ಗಿರಿಜಾ ನನ್ನ ಬಗ್ಗೆ ಆಡಿದ ಮೊದಲ ಮಾತು ಅದು, ಅದನ್ನೂ ನನಗೆ ಹೇಳಲಿಲ್ಲ. ಅಜ್ಜಾರು ಜೋಳಿಗೆಯ ಬಾಯಿಯನ್ನು ಎರಡೂ ಕೈಯಿಂದ ಇನ್ನಷ್ಟು ಅಗಲ ಮಾಡಿದರು. ಜೋಳಿಗೆಯ ಮುಂದೆ ನಿಂತು ನಾಳೆ ನೋಡೋಣ ಎನ್ನಲು ಬರುವುದಿಲ್ಲ. ನಾನು ಬಿಟ್ಟೆ. ಗುಟ್ಕಾ ಚೀಟಿಗಳ ಮೇಲೆ ಅದು ಸಪ್ಪಳವಿಲ್ಲದೆ ಬಿತ್ತು. "ಹರಹರ ಮಹಾದೇವ," ಎಂದರು ಎಲ್ಲರೂ.

ಮೆರವಣಿಗೆ ಮುಂದಿನ ಮನೆಗೆ ಹೋದ ಮೇಲೆ ನನಗೆ ಹೊಳೆಯಿತು: ಕೊನೆಗೆ ಸುಡುತ್ತಾರೆ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿಂದೆ ಓಡಿದೆ. ಅಜ್ಜಾರ ಬೆನ್ನು ಬಿಡದೆ ನಾಲ್ಕು ಓಣಿ ನಡೆದೆ, ಜಲ್ಲಿ ಚುಚ್ಚುತ್ತಿತ್ತು, ಕಣ್ಣು ಜೋಳಿಗೆಯ ಮೇಲೆ. "ಸಾಹುಕಾರ್ರಿಗೆ ಎಂಥಾ ಭಕ್ತಿ ಬಂತ್ರಿ," ಎಂದು ಕಟ್ಟೆಯ ಮೇಲಿನವರು ಮಾತಾಡಿಕೊಂಡರು. ಮೂರನೆಯ ಓಣಿಯಲ್ಲಿ ಜೋಳಿಗೆಯೊಳಗಿಂದ ಹಾಡು ಕೇಳಿಸಿತು. ಶಿಲ್ಪಾ ಹಾಕಿಕೊಟ್ಟಿದ್ದ ಕುಣಿತದ ಹಾಡು. ಬಸಣ್ಣನೇ ಇರಬೇಕು, ಆವತ್ತು ಗುಲಾಬಿಗೆ ನಾನು ಉತ್ತರ ಕೊಟ್ಟಿರಲಿಲ್ಲ. ಅಜ್ಜಾರು ಮುಖದಲ್ಲಿ ಏನನ್ನೂ ತೋರಿಸದೆ ಆ ಹಾಡನ್ನು ಹೊತ್ತುಕೊಂಡೇ ನಡೆದರು. ಬಾಗಿಲಲ್ಲಿದ್ದ ಮುದುಕಿಯರು ಅದಕ್ಕೂ ಕೈ ಮುಗಿದರು.

ಮಠದ ಮುಂದೆ ಸೀಮೆಎಣ್ಣೆ ಹಾಕುವ ಮುಂಚೆ ಅಜ್ಜಾರು ಗುಂಪೆಯಿಂದ ಮೊಬೈಲು ತೆಗೆದು, ತಮ್ಮ ಕಾವಿಯಲ್ಲಿ ಒರೆಸಿ, ಹೆಂಗಸರ ನಡುವೆ ನಿಂತಿದ್ದ ಗಿರಿಜಾಳನ್ನು ಕರೆದರು. "ಇದನ್ನ ಸುಟ್ರ ಹೊಗಿ ಕೆಟ್ಟದ್ದು ತಾಯೀ. ಶ್ರಾವಣ ಮುಗಿಯೂತನಕ ನೀವ ಇಟಗೋರಿ. ಕೇಳಿದ್ರ ಕೊಡಬ್ಯಾಡ್ರಿ," ಎಂದರು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ನಾನು ನೆಮ್ಮದಿಯ ಉಸಿರು ಎಳೆದುಕೊಂಡೆ, ಅದರ ತುಂಬ ಗುಂಪೆಯ ಗುಟ್ಕಾ ವಾಸನೆ.

ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯಿತು? ನಾನು ಮೊಬೈಲು ಹಾಕಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದು ಸಂಜೆಯೊಳಗೆ ಹಾನಗಲ್ಲು ದಾಟಿ, ಸವಣೂರು ಮುಟ್ಟಿ, ಶಿಗ್ಗಾವಿಯ ಸಹಪಾಠಿಗಳನ್ನೆಲ್ಲ ತಲುಪಿತು. ಎಲ್ಲರೂ ನೋಡಿದರು, ನಾನೊಬ್ಬ ಬಿಟ್ಟು. ಮೊಬೈಲು ಬಿಟ್ಟವನನ್ನು ಮೊಬೈಲಿನಲ್ಲಿ ನೋಡಿ ಜನ ಮೊಬೈಲಿನಲ್ಲೇ ಚಪ್ಪಾಳೆ ತಟ್ಟುತ್ತಿದ್ದರು. ಇದಕ್ಕೆ ಏನನ್ನುವುದು? ಮೂರನೆಯ ದಿನ ಬಸಣ್ಣ ಹಿರೇಬೆಂಡಿಗೇರಿಯಿಂದ ಬಸ್ಸು ಹತ್ತಿ ಬಂದ. "ಅಣ್ಣಾ, ನೀ ಭಾಳ ಓಡಾಕತ್ತೀ," ಎಂದು ಅದನ್ನು ನನ್ನ ಮೂಗಿನ ಮುಂದೆ ಹಿಡಿದ. ನಾನು ಮುಖ ತಿರುಗಿಸಿದೆ. ಒಂದು ಕಣ್ಣು ಮಾತ್ರ ತಿರುಗಲಿಲ್ಲ.

ಇನ್ನು ಮನೆ. ಸಂಜೆ ಏಳಕ್ಕೆ ಅಂಗಡಿ ಮುಚ್ಚಿ ಬಂದರೆ ಕೈಗೆ ಕೆಲಸವಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತೆ. ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಏನರ ಬೇಕಾಗಿತ್ತೇನ್ರಿ?" ಎಂದಳು.

"ಏನಿಲ್ಲ. ಸುಮ್ಮನ ಕುಂತೇನಿ."

"ಹಂಗ ನೋಡಕೋತ ಕುಂಡ್ರಬ್ಯಾಡ್ರಿ. ರೊಟ್ಟಿ ಹರೀತಾವು."

ನಿಜವಾಗಿ ಎರಡು ರೊಟ್ಟಿ ಹರಿದವು. ನಾನು ಗೋಡೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ, "ಮತ್ತ?" ಎಂದೆ. "ಮತ್ತೇನು?" ಎಂದಳು. ಅಲ್ಲಿಗೆ ಮಾತು ಮುಗಿಯಿತು. ಮರುದಿನ ಹಲ್ಲಿನ ಸುದ್ದಿ ತೆಗೆದೆ. "ಅದು ಮಾಯ್ದು ಎಷ್ಟೋ ದಿನಾತಲ್ರಿ," ಎಂದಳು, ಬೇಸರವಿಲ್ಲದೆ. ಮೂವತ್ತು ವರ್ಷ ಜೊತೆಗಿದ್ದವಳ ಎದುರಿಗೆ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದ ಅಪರಿಚಿತನ ಹಾಗೆ, ಮಾತು ಹುಡುಕುತ್ತ ಕೂತಿದ್ದೆ. ಶ್ರಾವಣದ ಉಳಿದ ದಿನಗಳೆಲ್ಲ ಹೀಗೇ ಕಳೆದವು. ನಾನು ಅಕ್ಕಿ ಆರಿಸಿದೆ, ಬೆಳ್ಳುಳ್ಳಿ ಸುಲಿದೆ, ಶಿಲ್ಪಾ ಅದನ್ನೂ ಫೋಟೋ ತೆಗೆದಳು. ಗಿರಿಜಾ ಮಾತ್ರ ಕೇಳಿದ್ದಕ್ಕೆ ಉತ್ತರ ಕೊಟ್ಟು ತನ್ನ ಕೆಲಸಕ್ಕೆ ತಿರುಗುತ್ತಿದ್ದಳು.

ಶ್ರಾವಣ ಮುಗಿದ ಮರುದಿನ ಮಧ್ಯಾಹ್ನ ಮಳೆ ಹಿಡಿದಿತ್ತು. ಅಂಗಡಿಗೆ ಯಾರೂ ಬರುವಂತಿರಲಿಲ್ಲ, ಮನೆಗೆ ಬಂದೆ. ಅವಳು ಪಡಸಾಲೆಯಲ್ಲಿ ಮೆಂತೆಪಲ್ಲೆ ಸೋಸುತ್ತಿದ್ದಳು. ಎದ್ದು ಹೋಗಿ ಟ್ರಂಕಿನಿಂದ ಅರಿವೆಯಲ್ಲಿ ಸುತ್ತಿದ್ದ ಮೊಬೈಲು ತಂದು ನನ್ನ ಮುಂದೆ ಇಟ್ಟಳು.

"ಶ್ರಾವಣ ಮುಗೀತು. ತಗೋರಿ."

"ನಿನ್ನ ಕಡೇನ ಇರ್ಲಿ," ಎಂದೆ. ಒಂದು ಕಟ್ಟು ಸೊಪ್ಪು ನನ್ನ ಕಡೆಗೂ ಎಳೆದುಕೊಂಡೆ. ಆಮೇಲೆ ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದೆ: "ನೀ ಮೊದಲ ಎಷ್ಟ ಮಾತಾಡ್ತಿದ್ದಿ ಗಿರಿಜಾ. ಈಗ ನಾ ಕೇಳಾಕ ಕುಂತೇನಿ. ಏನರ ಹೇಳು."

ಅವಳು ದಂಟು ಮುರಿದು ಎಲೆ ಬೇರೆ ಹಾಕುತ್ತಿದ್ದಳು. ಸಿಟ್ಟಿನ ಮುಖವಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ಹೇಳೂದು ಹೇಳೇನಲ್ರಿ. ನಮ್ಮವ್ವ ಹೋದಾಗ ದಿನಕರ್ಮ ಮುಗಿಸಿಕೊಂಡು ಹಿರೇಕೆರೂರಿಂದ ಬಂದ ದಿವಸ, ಇಲ್ಲೇ, ಈ ಕಂಬಕ್ಕ ಆತು ಕುಂತು ಹೇಳಿದೆ. ಕಡೀಕ ಆಕಿ ನನ್ನ ಕೈ ಹಿಡಕೊಂಡು ಏನಂದ್ಲು ಅನ್ನೂದು. ನಮ್ಮ ಅಣ್ಣಗೂ ಹೇಳಿದ್ದಿಲ್ಲ, ಯಾರ ಮುಂದೂ ಅಂದಿದ್ದಿಲ್ಲ. ನಿಮಗೊಬ್ಬರಿಗೆ ಹೇಳಿದೆ."

ನನ್ನ ಅತ್ತೆ ತೀರಿಕೊಂಡದ್ದು ಎಮ್ಮೆ ಮಾರುವ ಮುಂಚಿನ ಬೇಸಿಗೆಯಲ್ಲಿ. ಗಿರಿಜಾ ಬಂದ ದಿನವೂ ನೆನಪಿದೆ, ಅವಳು ಕಂಬಕ್ಕೆ ಒರಗಿ ಕೂತದ್ದೂ ನೆನಪಿದೆ.

"ಏನಂದಿದ್ಲು?" ಎಂದೆ. "ಇನ್ನೊಮ್ಮೆ ಹೇಳು."

"ಎರಡ ಸಲ ಹೇಳೂವಂಥ ಮಾತಲ್ಲ ಬಿಡ್ರಿ ಅದು," ಎಂದಳು. ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿಕೊಂಡು ಒಳಗೆ ಹೋದಳು.

ನಾನು ಅಲ್ಲೇ ಕೂತು ಆ ದಿನವನ್ನು ಹಿಂಡಿ ಹಿಂಡಿ ನೋಡಿದೆ. ಅವಳ ಮಾತಿನ ಒಂದು ಅಕ್ಷರವೂ ಸಿಗಲಿಲ್ಲ. ನನ್ನ ಕೈಯಲ್ಲಿ ಆಗ ಓಡುತ್ತಿದ್ದದ್ದು ಮಾತ್ರ ಪೂರ್ತಿ ಸಿಕ್ಕಿತು. ಯಾವುದೋ ದೇಶದವನೊಬ್ಬ ತುಕ್ಕು ಹಿಡಿದ ಕೊಡಲಿಯನ್ನು ಉಜ್ಜಿ ಹೊಸದು ಮಾಡುತ್ತಿದ್ದ. ಮೊದಲು ಎಣ್ಣೆಯಲ್ಲಿ ನೆನೆಸಿದ, ಆಮೇಲೆ ತಂತಿಯ ಬ್ರಷ್ಷು, ಆಮೇಲೆ ಸಾಣೆ. ನೀಲಿ ಅಂಗಿ ಹಾಕಿದ್ದ. ಎಡಗೈಯ ಹೆಬ್ಬೆರಳಿಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದ.